ರಿಪೋರ್ಟ್ ನಾರ್ಮಲ್, ನೋವು ಮಾತ್ರ ಹಾಗೇ

ಸ್ಕ್ಯಾನಿಂಗ್ ರಿಪೋರ್ಟ್ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಕೊನೆಯ ಸಾಲನ್ನು. ಇಂಪ್ರೆಷನ್ ಅಂತ ದಪ್ಪ ಅಕ್ಷರದಲ್ಲಿ ಇರುತ್ತದಲ್ಲ, ಅದನ್ನು. ನನ್ನದರಲ್ಲಿ ಇದ್ದದ್ದು ಇಷ್ಟು: ಎಡಗಡೆ ಗ್ರೇಡ್ ಒನ್ ವೇರಿಕೋಸೀಲ್ (ಬೀಜದ ರಕ್ತನಾಳ ಸ್ವಲ್ಪ ಉಬ್ಬಿದೆ ಅಂತ), ಎರಡೂ ವೃಷಣ ನಾರ್ಮಲ್. ಸ್ಕ್ಯಾನಿಂಗ್ ಬರೆದುಕೊಟ್ಟ ಡಾಕ್ಟರು ಹಾಳೆ ನೋಡಿ ‘ಏನಿಲ್ಲ, ಆರಾಮ್ ಅದೀರಿ’ ಅಂದರು. ಇನ್ನೊಬ್ಬರು ಅದೇ ಹಾಳೆ ನೋಡಿ ‘ಆಪರೇಷನ್ ಮಾಡಿಬಿಡೋಣ’ ಅಂದರು. ಇಬ್ಬರೂ ಓದಿದ್ದು ಒಂದೇ ಸಾಲು. ನನ್ನ ಎಡಗಡೆ ಬೀಜ ಮಾತ್ರ ಮೊದಲು ಹೇಗೆ ನೋಯುತ್ತಿತ್ತೋ ಹಾಗೇ ನೋಯುತ್ತಿತ್ತು.

ನೋವು ಅಂದರೆ ಕಿರುಚಿಕೊಳ್ಳುವ ನೋವಲ್ಲ. ಬೆಳಗ್ಗೆ ಏಳುವಾಗ ಇರುವುದೇ ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾಗುತ್ತದೆ. ಸಂಜೆ ಲೆಕ್ಕ ಮುಗಿಸಿ ಕುರ್ಚಿಯಿಂದ ಏಳುವಾಗ ಜಗ್ಗುತ್ತದೆ, ತೊಡೆಸಂದಿಯ ತನಕ. ಕೆಲವು ದಿನ ಸೊಂಟದ ತನಕ. ನನಗೆ ವಯಸ್ಸು 47. ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಗುಮಾಸ್ತ. ಕೂತು ಮಾಡುವ ಕೆಲಸ. ಸುಗ್ಗಿಯಲ್ಲಿ ವೇಬ್ರಿಜ್ ಮುಂದೆ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತರೆ ಒಂದಕ್ಕೆ ಹೋಗಲೂ ಪುರುಸೊತ್ತು ಸಿಗುವುದಿಲ್ಲ. ಇದನ್ನು ಸುಮ್ನೆ ಹೇಳುತ್ತಿಲ್ಲ, ಮುಂದೆ ಬೇಕಾಗುತ್ತದೆ.

ಮೂರು ತಿಂಗಳು ದಾಟಿದ ಇಂಥ ನೋವಿಗೆ ಡಾಕ್ಟರುಗಳು ಕ್ರಾನಿಕ್ ಆರ್ಕಿಯಾಲ್ಜಿಯಾ ಅನ್ನುತ್ತಾರೆ. ದಿನವಿಡೀ ಇರಲಿ, ಬಂದು ಹೋಗುತ್ತಿರಲಿ, ಮೂರು ತಿಂಗಳಾಯಿತು ಅಂದರೆ ಆ ಲೆಕ್ಕಕ್ಕೆ ಸೇರಿತು. ಇಂಥವರಲ್ಲಿ ಕಾಲುಭಾಗದಿಂದ ಅರ್ಧದಷ್ಟು ಜನಕ್ಕೆ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲವಂತೆ. ಇದನ್ನು ಓದಿದಾಗ ನನಗೆ ಒಂಥರಾ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಕಾರಣ ಸಿಗದವರು ಇಷ್ಟೊಂದು ಜನ ಇದ್ದಾರೆ ಅಂದ ಮೇಲೆ, ಅವರಿಗೆ ಮುಂದೇನು ಅಂತ ಹೇಳುವವರು ಯಾಕಿಲ್ಲ? ರಿಪೋರ್ಟ್ ನಾರ್ಮಲ್ ಅಂದ ತಕ್ಷಣ ಡಾಕ್ಟರು ಮುಂದಿನ ಪೇಷಂಟನ್ನು ಕರೆಯುತ್ತಾರೆ. ನಾವು ಕವರು ಮಡಚಿಕೊಂಡು ಎದ್ದು ಬರುತ್ತೇವೆ.

ಎಲ್ಲಕ್ಕೂ ಉಷ್ಣ

ನಮ್ಮ ಕಡೆ ಈ ನೋವಿಗೆ ಮೊದಲ ಡಯಾಗ್ನೋಸಿಸ್ ಯಾವತ್ತೂ ಉಷ್ಣವೇ. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್ ಮೇ ತಿಂಗಳು 40 ಡಿಗ್ರಿ ದಾಟುತ್ತದೆ, ಹಾಗಾಗಿ ಮಾತು ನಂಬುವಂತೆಯೂ ಇರುತ್ತದೆ. ನೆತ್ತಿಗೆ ಹರಳೆಣ್ಣೆ ಹಾಕು, ಕಾಮಕಸ್ತೂರಿ ಬೀಜ ನೆನೆಸಿ ಕುಡಿ, ಬಾರ್ಲಿ ನೀರು ಕುಡಿ, ಬೈಕು ಕಡಿಮೆ ಮಾಡು. ನಾನು ಇದನ್ನು ನಗುವುದಕ್ಕೆ ಹೇಳುತ್ತಿಲ್ಲ. ಬಿಸಿಲಿನಲ್ಲಿ ಬೆವರು ಸುರಿದು, ಕುಡಿಯುವ ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಕಿಡ್ನಿಯಲ್ಲಿ ಕಲ್ಲು ಕಟ್ಟುತ್ತದೆ. ಆ ಕಲ್ಲು ಮೂತ್ರನಾಳದಲ್ಲಿ ಕೆಳಗಿಳಿಯುತ್ತಾ ಬಂದರೆ ನೋವು ಬೀಜಕ್ಕೂ ಹೊಡೆಯುತ್ತದೆ. ಅಂಥವರಿಗೆ ಬಾರ್ಲಿ ನೀರು ಕುಡಿದದ್ದರಿಂದ ಲಾಭವೇ. ಕಲ್ಲು ಕಿಡ್ನಿಯಲ್ಲಿ, ನೋವು ಬೀಜದಲ್ಲಿ, ಇದೇನು ವಿಚಿತ್ರ ಅನ್ನಿಸಬಹುದು. ಬೀಜ ಹುಟ್ಟುವುದೇ ಹೊಟ್ಟೆಯೊಳಗೆ, ಕಿಡ್ನಿಯ ಹತ್ತಿರ. ಮಗು ತಾಯಿಯ ಗರ್ಭದಲ್ಲಿ ಇರುವಾಗಲೇ ಅದು ಮೆಲ್ಲಗೆ ಕೆಳಗೆ ಇಳಿದು ಚೀಲ ಸೇರುತ್ತದೆ. ಇಳಿಯುವಾಗ ತನ್ನ ರಕ್ತನಾಳ, ನರ ಎಲ್ಲವನ್ನೂ ಮೇಲಿನಿಂದಲೇ ಎಳೆದುಕೊಂಡು ಬರುತ್ತದೆ. ಹಾಗಾಗಿ ಮೇಲೆ ಎಲ್ಲೋ ಆದ ತೊಂದರೆ ಕೆಳಗೆ ನೋವಾಗಿ ಕಾಣಿಸಬಹುದು. ಬೆನ್ನಿನ ಮೂಳೆಯಲ್ಲಿ ನರ ಒತ್ತಿದರೂ ಹಾಗೇ.

ಉಷ್ಣದ ತಾಪತ್ರಯ ಏನೆಂದರೆ, ಅದು ತಿಂಗಳುಗಟ್ಟಲೆ ಟೈಮ್ ತಿನ್ನುತ್ತದೆ. ಉಷ್ಣ ಆದಮೇಲೆ ಮೆಡಿಕಲ್ ಶಾಪು. ಅಲ್ಲಿ ಹುಡುಗನ ಮುಂದೆ ‘ಕಿಬ್ಬೊಟ್ಟಿ ನೋವು’ ಅಂತ ಹೇಳುತ್ತೇವೆ, ಪಕ್ಕದಲ್ಲಿ ಯಾರಾದರೂ ಹೆಣ್ಣುಮಕ್ಕಳು ನಿಂತಿದ್ದರೆ ಅದನ್ನೂ ಹೇಳುವುದಿಲ್ಲ. ಅವನು ಒಂದು ನೋವಿನ ಗುಳಿಗೆ, ಒಂದು ಆ್ಯಂಟಿಬಯಾಟಿಕ್ ಕತ್ತರಿಸಿ ಕೊಡುತ್ತಾನೆ. ಎರಡು ದಿನ ಕಡಿಮೆ ಆಗುತ್ತದೆ, ಅದು ನೋವಿನ ಗುಳಿಗೆಯ ಕೆಲಸ. ಹೆಸರು ಬರುವುದು ಆ್ಯಂಟಿಬಯಾಟಿಕ್‌ಗೆ. ಮತ್ತೆ ನೋವು ಬಂದರೆ ಮತ್ತೆ ಅದೇ ಪಟ್ಟಿ. ಮೂತ್ರ ಪರೀಕ್ಷೆ ಮಾಡಿಸದೆ, ಸೋಂಕು ಇದೆಯೋ ಇಲ್ಲವೋ ಗೊತ್ತಿಲ್ಲದೆ ಹೀಗೆ ವರ್ಷ ಕಳೆದವರನ್ನು ನಾನು ಬಲ್ಲೆ. ಆಮೇಲಿನ ಮೆಟ್ಟಿಲು ಬಸ್ ಸ್ಟ್ಯಾಂಡ್ ಗೋಡೆ. ಗುಪ್ತ ರೋಗಗಳಿಗೆ ಖಚಿತ ಪರಿಹಾರ, ಇಂಥ ಲಾಡ್ಜಿನಲ್ಲಿ ಇಂಥ ವಾರ ಭೇಟಿ. ಅಲ್ಲಿ ಹೋದವನಿಗೆ ನೋವಿನ ಜೊತೆ ಇನ್ನೊಂದು ಭಯ ಅಂಟಿಸಿ ಕಳಿಸುತ್ತಾರೆ: ವಯಸ್ಸಿನಲ್ಲಿ ಮಾಡಿದ ತಪ್ಪಿನ ಫಲ ಅಂತ. ಇಂಥವರ ಮೇಲೆ ನನಗೆ ಇರುವ ಸಿಟ್ಟು ಅಷ್ಟಿಷ್ಟಲ್ಲ. ಹಸ್ತಮೈಥುನಕ್ಕೂ ಈ ನೋವಿಗೂ ಅವರು ಹೇಳುವಂಥ ಯಾವ ಸಂಬಂಧವೂ ಇಲ್ಲ.

ಕಾಕಾನ ಲಂಗೋಟಿ

ನಮ್ಮ ಮಿಲ್ಲಿನಲ್ಲಿ ಹಮಾಲರ ಗುಂಪಿಗೆ ಹಿರಿಯ ಒಬ್ಬರಿದ್ದಾರೆ. ಎಲ್ಲರೂ ಕಾಕಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಭತ್ತದ ಚೀಲ ನಮ್ಮ ಕಡೆ 75 ಕೆಜಿ. ಗಂಗಾವತಿ, ಸಿಂಧನೂರು, ಕಾರಟಗಿಯಲ್ಲಿ ರೇಟು ಹೇಳುವುದೂ 75 ಕೆಜಿ ಚೀಲದ ಲೆಕ್ಕದಲ್ಲೇ. ಆ ಚೀಲವನ್ನು ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತಿ ಲಾರಿಯ ಮೇಲೆ ಇಳಿಸಬೇಕು. ಒಂದು ಸಂಜೆ ಕಾಕಾ ಮುಂಗಡ ಕೇಳಲು ನನ್ನ ರೂಮಿಗೆ ಬಂದರು. ನಿಂತ ಭಂಗಿಯೇ ಬೇರೆ ಇತ್ತು. ಬಲಗಾಲು ಸ್ವಲ್ಪ ಹೊರಗೆ, ಒಂದು ಕೈ ಲುಂಗಿಯ ಮೇಲಿಂದ ತೊಡೆಸಂದಿಗೆ ಒತ್ತಿ ಹಿಡಿದಿತ್ತು. ಅದೇ ಭಂಗಿಯಲ್ಲಿ ನಾನೂ ಎಷ್ಟೋ ಸಲ ನಿಂತಿದ್ದರಿಂದ ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಬೀಳುತ್ತಿರಲಿಲ್ಲ.

‘ಏನಾಗೈತಿ ಕಾಕಾ?’

‘ಏನಿಲ್ಲ ಬಿಡ್ರಿ ಗುಮಾಸ್ತ್ರ. ಉಷ್ಣ ಆಗೈತಿ.’

‘ಎಷ್ಟ ದಿನಾತು?’

‘ಹೋದ ಸುಗ್ಗಿಗೆ ಸುರು ಆತು. ಮಕ್ಕೊಂಡ್ರ ಒಳಗ ಹೋಗ್ತೈತಿ. ಎದ್ದ್ ಚೀಲ ಎತ್ತಿದ್ರ ಮತ್ತ ಬರ್ತೈತಿ.’

ಮಲಗಿದರೆ ಒಳಗೆ ಹೋಗುವ ಉಷ್ಣ ಯಾವುದು? ಬಾಗಿಲು ಹಾಕಿ ಕೂತ ಮೇಲೆ ಅವರೇ ತೋರಿಸಿದರು. ಲಂಗೋಟಿಯ ಒಳಗೆ, ಬಲಗಡೆ ತೊಡೆಸಂದಿಗೆ ಸರಿಯಾಗಿ, ಗೋಣಿಚೀಲದ ತುಂಡನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದರು. ಅದರ ಮೇಲೆ ಲಂಗೋಟಿ ಬಿಗಿದು, ಅದರ ಮೇಲೆ ಚಡ್ಡಿ. ಬಿಗಿದ ಜಾಗದಲ್ಲಿ ಚರ್ಮ ಕಪ್ಪಾಗಿ ಗಟ್ಟಿಯಾಗಿತ್ತು. ಕರುಳು ಜಾರಿ ಇಳಿದುಬರದ ಹಾಗೆ ಅದು ಅವರೇ ಮಾಡಿಕೊಂಡ ವ್ಯವಸ್ಥೆ. ಅದನ್ನು ಕಟ್ಟಿಕೊಂಡೇ ಒಂದು ವರ್ಷ 75 ಕೆಜಿ ಚೀಲ ಹೊತ್ತಿದ್ದರು. ಹರ್ನಿಯಾ ಅಂತ ಅವರಿಗೆ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಗೊತ್ತಿತ್ತು. ಅವರ ಅಣ್ಣನಿಗೂ ಆಗಿತ್ತು. ಆದರೆ ಆಪರೇಷನ್ ಆದಮೇಲೆ ಎಷ್ಟೋ ವಾರ ಭಾರ ಎತ್ತಬಾರದು ಅನ್ನುತ್ತಾರೆ. ಹಮಾಲಿ ಅಂದರೆ ಚೀಲಕ್ಕೆ ಇಷ್ಟು ಅಂತ ಕೂಲಿ. ಎತ್ತದಿದ್ದರೆ ಕೂಲಿ ಇಲ್ಲ. ಉಷ್ಣ ಅಂದುಕೊಂಡರೆ ನಾಳೆ ಕೆಲಸಕ್ಕೆ ಬರಬಹುದು.

ಇದಾದಮೇಲೆ ನನಗೆ ಒಂದು ವಿಷಯ ತಲೆಗೆ ಹತ್ತಿತು. ಗಂಡಸರು ನಾಚಿಕೊಂಡು ಡಾಕ್ಟರ ಹತ್ತಿರ ಹೋಗುವುದಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ನಾಚಿಕೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನಾಚಿಕೆಗಿಂತ ಲೆಕ್ಕಾಚಾರವೇ ಜಾಸ್ತಿ. ರೋಗಕ್ಕೆ ಹೆಸರು ಬಂದರೆ ಅದರ ಹಿಂದೆ ಖರ್ಚು ಬರುತ್ತದೆ, ರಜೆ ಬರುತ್ತದೆ. ಕಾಕಾನಂಥವರಿಗೆ ಬೇಕಿದ್ದದ್ದು ಧೈರ್ಯದ ಮಾತಲ್ಲ, ಎರಡು ತಿಂಗಳ ಅಕ್ಕಿಬೇಳೆ. ಮಾಲೀಕರ ಜೊತೆ ಮಾತಾಡಿ ಚೀಲ ಹೊಲಿಯುವ ಮಷೀನಿನ ಕೆಲಸಕ್ಕೆ ಹಾಕುವುದು ಅಂತ ಆದಮೇಲೆಯೇ ಅವರು ಒಪ್ಪಿದ್ದು. ಬಿಪಿಎಲ್ ಕಾರ್ಡ್ ಇತ್ತು, ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಜಾಲರಿ ಹಾಕಿ ಹೊಲಿದಿದ್ದಾರೆ. ಅಂದಹಾಗೆ ನಮ್ಮ ಮೂರೂ ಜಿಲ್ಲೆಗಳಲ್ಲಿ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಬಳ್ಳಾರಿಯದು 1961ರದು, ರಾಯಚೂರಿನದು 2007ರದು, ಕೊಪ್ಪಳದ್ದು 2015ರದು. ಹರ್ನಿಯಾಕ್ಕೆ ಬೆಂಗಳೂರು ಹುಬ್ಬಳ್ಳಿ ಓಡಬೇಕಾಗಿಲ್ಲ.

ಹರ್ನಿಯಾದಲ್ಲಿ ಹೆದರಬೇಕಾದ್ದು ಒಂದೇ. ಇಳಿದ ಕರುಳು ಮಲಗಿದರೂ ಒಳಗೆ ಹೋಗದೆ ಸಿಕ್ಕಿಕೊಂಡು, ನೋವು ಏರಿ, ವಾಂತಿ ಶುರುವಾದರೆ ಬೆಳಗಾಗಲಿ ಅಂತ ಕಾಯಬಾರದು. ಹಾಗೇ, ಇದ್ದಕ್ಕಿದ್ದಂತೆ ಒಂದು ಬೀಜ ವಿಪರೀತ ನೋಯತೊಡಗಿ ಮೇಲಕ್ಕೆ ಸರಿದಂತಾದರೆ ಅದು ತಿರುಚಿಕೊಂಡಿರಬಹುದು. ಇದು ಹುಡುಗರಲ್ಲೇ ಜಾಸ್ತಿ, ನಮ್ಮ ವಯಸ್ಸಿನಲ್ಲಿ ಅಪರೂಪ. ಆದರೂ ಆರು ಗಂಟೆಯೊಳಗೆ ಬಿಡಿಸದಿದ್ದರೆ ಬೀಜ ಉಳಿಯುವುದು ಕಷ್ಟ. ಶುಗರ್ ಇದ್ದವರಿಗೆ ಚೀಲ ಊದಿ, ಕೆಂಪಾಗಿ ಅಥವಾ ಕಪ್ಪಾಗಿ, ಜ್ವರ ಬಂದರೂ ಅಷ್ಟೇ ಅವಸರ.

ಇಲ್ಲಿಯವರಿಗೆ ಇಲ್ಲಿಯ ಕಾರಣ

ಇಂಗ್ಲಿಷ್ ವೆಬ್‌ಸೈಟುಗಳಲ್ಲಿ ಕಾರಣಗಳ ಪಟ್ಟಿ ಓದಿದರೆ ವ್ಯಾಸೆಕ್ಟಮಿ, ಅಂದರೆ ಗಂಡಸರ ಸಂತಾನಹರಣ ಆಪರೇಷನ್, ಆದಮೇಲಿನ ನೋವು ಮೇಲ್ಗಡೆಯೇ ಇರುತ್ತದೆ. ಆಪರೇಷನ್ ಆದ ನೂರು ಜನರಲ್ಲಿ ಒಬ್ಬಿಬ್ಬರಿಗೆ ಬದುಕಿಗೇ ತೊಡಕಾಗುವಷ್ಟು ನೋವು ಉಳಿಯುತ್ತದೆ. ನಮ್ಮಲ್ಲಿ ಆ ಆಪರೇಷನ್ ಮಾಡಿಸಿಕೊಂಡ ಗಂಡಸರನ್ನು ಹುಡುಕಬೇಕು. ಮಕ್ಕಳು ಸಾಕು ಅನ್ನಿಸಿದಾಗ ಕತ್ತರಿ ಬೀಳುವುದು ಹೆಂಗಸರ ಹೊಟ್ಟೆಗೇ. ಆ ವಿಷಯ ಬೇರೆ, ಇನ್ನೊಮ್ಮೆ ಬರೆಯೋಣ.

ನಮ್ಮ ಪಟ್ಟಿ ಬೇರೆಯೇ ಇದೆ. ರಾಯಚೂರು ಆನೆಕಾಲು ರೋಗ ಇರುವ ಜಿಲ್ಲೆಗಳಲ್ಲಿ ಒಂದು. 1997ರ ತನಕ ಕೊಪ್ಪಳವೂ ರಾಯಚೂರು ಜಿಲ್ಲೆಯೇ ಆಗಿತ್ತು, ಸೊಳ್ಳೆಗೆ ಜಿಲ್ಲಾ ಗಡಿ ಗೊತ್ತಿಲ್ಲ. ಆನೆಕಾಲು ಅಂದ ತಕ್ಷಣ ಊದಿದ ಕಾಲು ಕಣ್ಣ ಮುಂದೆ ಬರುತ್ತದೆ. ಗಂಡಸರಲ್ಲಿ ಸೊಳ್ಳೆ ಹರಡುವ ಆ ರೋಗದ ಹುಳು ಬೀಜದ ಚೀಲದ ಸುತ್ತಲಿನ ದುಗ್ಧರಸ (ಲಿಂಫ್) ನಾಳಗಳಲ್ಲಿ ಮನೆ ಮಾಡುವುದು ತುಂಬಾ ಸಾಮಾನ್ಯ. ಅಲ್ಲೇ ಆರೇಳು ವರ್ಷ ಬದುಕುತ್ತದೆ. ಮೊದಮೊದಲು ಚಳಿಜ್ವರ ಬಂದು ಬೀಜ ನೋಯುತ್ತದೆ, ನಾಲ್ಕು ದಿನಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ವರ್ಷಗಳಾದ ಮೇಲೆ ನೀರು ತುಂಬಿಕೊಂಡು ಹೈಡ್ರೋಸೀಲ್ ಆಗುತ್ತದೆ. ನಮ್ಮವರು ಬುಡ್ಡಿ ಅನ್ನುತ್ತಾರೆ. ಬುಡ್ಡಿಗೆ ನೋವು ಕಡಿಮೆ, ಭಾರ ಜಾಸ್ತಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಡಿಇಸಿ, ಆಲ್ಬೆಂಡಜೋಲ್ ಗುಳಿಗೆ ಕೊಟ್ಟು ‘ನಮ್ಮ ಮುಂದೇನ ನುಂಗ್ರಿ’ ಅನ್ನುವುದು ಇದಕ್ಕೇ. ನಾವು ಕಿಸೆಗೆ ಹಾಕಿಕೊಂಡು ಆಮೇಲೆ ನುಂಗುತ್ತೇನೆ ಅನ್ನುತ್ತೇವೆ. ಆಮೇಲೆ ನುಂಗುವುದಿಲ್ಲ.

ಇನ್ನು ಕುರಿ. ಕೊಪ್ಪಳ, ಲಿಂಗಸುಗೂರು, ಸಿಂಧನೂರು ಕಡೆ ಕೆಂಗುರಿ ಸಾಕುವವರು ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು. ಗಬ್ಬದ ಕುರಿ ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತಿ ಹಾಕುತ್ತಾರೆ, ಮಾಸು ತೆಗೆಯುತ್ತಾರೆ, ಹಸಿ ಹಾಲು ಕುಡಿಯುತ್ತಾರೆ. ಕುರಿಯಿಂದ ಮನುಷ್ಯರಿಗೆ ಬರುವ ಬ್ರುಸೆಲ್ಲೋಸಿಸ್ ಅನ್ನುವ ಸೋಂಕು ಅಂಟುವುದು ಹೀಗೆ. ಬಂದು ಹೋಗುವ ಜ್ವರ, ಬೆವರು, ಸಂದುನೋವು, ಜೊತೆಗೆ ಒಂದು ಬೀಜದ ಊತ. ಡಾಕ್ಟರಿಗೆ ‘ನಾವು ಕುರಿ ಸಾಕ್ತೀವ್ರಿ’ ಅನ್ನುವ ಒಂದು ಮಾತು ಹೇಳದಿದ್ದರೆ ಅವರಿಗೆ ಆ ರಕ್ತಪರೀಕ್ಷೆ ನೆನಪಾಗುವುದು ಕಷ್ಟ. ಸರಿಯಾದ ಗುಳಿಗೆ ಆರು ವಾರ ನುಂಗಬೇಕು, ಐದು ದಿನದ ಪಟ್ಟಿಗೆ ಬಗ್ಗುವ ರೋಗ ಅದಲ್ಲ. ಟಿಬಿಯೂ ಹಾಗೇ. ಕೆಮ್ಮೇ ಇಲ್ಲದೆ ಬೀಜದ ಹಿಂದಿನ ಎಪಿಡಿಡಿಮಿಸ್ ಅನ್ನುವ ನಳಿಕೆಯಲ್ಲಿ ಕೂತು ಮೆಲ್ಲಗೆ ಗಂಟು ಕಟ್ಟುತ್ತದೆ. ನೋವು ಸ್ವಲ್ಪ, ಗಟ್ಟಿತನ ಜಾಸ್ತಿ.

ಕ್ಯಾನ್ಸರ್ ಬಗ್ಗೆ ಎರಡು ಮಾತು. ರಾತ್ರಿ ಮೊಬೈಲ್ ಹಿಡಿದು ಹುಡುಕುವ ಪ್ರತಿಯೊಬ್ಬನೂ ಅಲ್ಲಿಗೇ ಬಂದು ನಿಲ್ಲುತ್ತಾನೆ. ಬೀಜದ ಕ್ಯಾನ್ಸರ್ ಹೆಚ್ಚಾಗಿ ಬರುವುದು 15ರಿಂದ 40ರೊಳಗಿನವರಿಗೆ, ಮತ್ತು ಸಾಮಾನ್ಯವಾಗಿ ನೋವಿಲ್ಲದ ಗಟ್ಟಿ ಗಂಟಾಗಿ. ನೋವಷ್ಟೇ ಇದ್ದು ಗಂಟಿಲ್ಲದಿದ್ದರೆ, ಡಾಪ್ಲರ್ ಸ್ಕ್ಯಾನಿಂಗ್ ಸ್ವಚ್ಛ ಇದ್ದರೆ, ಆ ಭಯ ಬಿಡಬಹುದು. ನಾರ್ಮಲ್ ರಿಪೋರ್ಟಿನ ಬೆಲೆ ಅದು. ಗಟ್ಟಿ ಗಂಟು ಸಿಕ್ಕರೆ ಮಾತ್ರ ನೋವಿರಲಿ ಬಿಡಲಿ, ಆ ವಾರವೇ ತೋರಿಸಬೇಕು.

ನಿಲ್ರಿ, ಕೆಮ್ಮ್ರಿ

ನನ್ನ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಅಂದಿದ್ದರಲ್ಲ, ಅದಕ್ಕೆ ಮುಂಚೆ ಇನ್ನೊಬ್ಬರನ್ನು ಕೇಳೋಣ ಅಂತ ಬಳ್ಳಾರಿಗೆ ಹೋದೆ. ವಯಸ್ಸಾದ ಡಾಕ್ಟರು. ನಾನು ರಿಪೋರ್ಟ್ ಚಾಚಿದೆ. ಅವರು ತೆಗೆದುಕೊಂಡು ಮಗುಚಿ ಮೇಜಿನ ಮೇಲಿಟ್ಟರು. ‘ಅದನ್ನ ಆಮೇಲೆ ನೋಡೋಣ. ನೋವು ಯಾವಾಗ ಜಾಸ್ತಿ? ನಿಂತಾಗೋ, ಕೂತಾಗೋ?’ ಕೂತಾಗ ಅಂದೆ. ‘ನಡೆದ್ರೆ?’ ಕಡಿಮೆ ಆಗುತ್ತದೆ ಅಂದೆ. ‘ಸಂಸಾರ ಮಾಡಿದ ಮೇಲೆ?’ ಒಂದು ಕ್ಷಣ ತಡೆದು, ಜಾಸ್ತಿ ಅಂದೆ. ಅಲ್ಲಿಯ ತನಕ ಯಾರೂ ಇದನ್ನು ಕೇಳಿರಲಿಲ್ಲ. ಮಲಬದ್ಧತೆ ಇದೆಯಾ, ಮೂತ್ರ ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ, ಕುರ್ಚಿ ಎಂಥದ್ದು, ಇದೆಲ್ಲ ಕೇಳಿದರು.

ಆಮೇಲೆ ಪರದೆಯ ಹಿಂದೆ. ಪ್ಯಾಂಟು ಇಳಿಸಿ ನಿಲ್ಲಿಸಿದರು, ಮಲಗಿಸಲಿಲ್ಲ. ಮೊದಲು ನೋವಿಲ್ಲದ ಬಲಗಡೆ ಮುಟ್ಟಿದರು, ಆಮೇಲೆ ಎಡಗಡೆ. ಉಸಿರು ಬಿಗಿಹಿಡಿದು ತಿಣುಕಿರಿ ಅಂದರು. ತೊಡೆಸಂದಿಯಲ್ಲಿ ಬೆರಳಿಟ್ಟು ಕೆಮ್ಮಿ ಅಂದರು. ಕೆಮ್ಮಿದಾಗ ಬೆರಳಿಗೆ ಏನೂ ತಾಗದಿದ್ದರೆ ಸಾಮಾನ್ಯವಾಗಿ ಹರ್ನಿಯಾ ಇಲ್ಲ. ಮೊಬೈಲ್ ಟಾರ್ಚ್ ಹಚ್ಚಿ ಚೀಲದ ಹಿಂದೆ ಹಿಡಿದರು. ನೀರು ತುಂಬಿದ್ದರೆ ಚೀಲ ಕೆಂಪಗೆ ಬೆಳಗುತ್ತದಂತೆ, ನನ್ನದು ಬೆಳಗಲಿಲ್ಲ. ಆಮೇಲೆ ಮಗ್ಗುಲಾಗಿ ಮಲಗಿಸಿ, ಗ್ಲೌಸ್ ಹಾಕಿ, ಗುದದ್ವಾರದಲ್ಲಿ ಬೆರಳಿಟ್ಟು ನೋಡಿದರು. ನಾನು ಪ್ರಾಸ್ಟೇಟ್ ನೋಡುತ್ತಿದ್ದಾರೆ ಅಂದುಕೊಂಡೆ. ಅದನ್ನೂ ನೋಡಿದರು. ಆದರೆ ಬೆರಳು ಎಡಕ್ಕೆ ತಿರುಗಿಸಿ ಒಂದು ಜಾಗದಲ್ಲಿ ಒತ್ತಿದಾಗ, ಎಡಗಡೆ ಬೀಜ ಜಗ್ಗಿತು. ಅದೇ ನೋವು. ಸಂಜೆ ಏಳಕ್ಕೆ ಬರುವ ನೋವು ಬೆಳಗ್ಗೆ ಹನ್ನೊಂದಕ್ಕೆ ಬಂತು.

‘ಇದೇ ಏನು ನಿಮ್ಮ ನೋವು?’

‘ಹೌದ್ರಿ ಸರ್. ಇದ.’

‘ನಾನು ಬೀಜ ಮುಟ್ಟೇ ಇಲ್ಲ ನೋಡ್ರಿ.’

ಆಮೇಲೆ ಕೈ ತೊಳೆದುಕೊಂಡು ರಿಪೋರ್ಟ್ ತಿರುಗಿಸಿ ನೋಡಿದರು. ವೇರಿಕೋಸೀಲ್ ಅಂದರೆ ಬೀಜದಿಂದ ಮೇಲೆ ಹೋಗುವ ರಕ್ತನಾಳಗಳು ಉಬ್ಬುವುದು. ನೂರಕ್ಕೆ 15 ಗಂಡಸರಿಗೆ ಇರುತ್ತದೆ. ಎಡಗಡೆಯೇ ಜಾಸ್ತಿ, ಯಾಕೆಂದರೆ ಎಡಗಡೆಯ ನಾಳ ಉದ್ದ, ಹೋಗಿ ಕಿಡ್ನಿಯ ನಾಳಕ್ಕೆ ನೇರ ಅಡ್ಡಕ್ಕೆ ಸೇರುತ್ತದೆ. ಹೆಚ್ಚಿನವರಿಗೆ ಇರುವುದೇ ಗೊತ್ತಾಗುವುದಿಲ್ಲ. ಅದರಿಂದ ನೋವಾಗುವುದಾದರೆ ನಿಂತಾಗ ಜಾಸ್ತಿ ಆಗಬೇಕು, ಮಲಗಿದರೆ ಇಳಿಯಬೇಕು. ದೊಡ್ಡದಾಗಿದ್ದು, ನೋವೂ ಹಾಗೇ ಇದ್ದವರಿಗೆ ಆಪರೇಷನ್ನಿಂದ ಒಳ್ಳೆಯದಾಗುತ್ತದೆ. ನನ್ನದು ಚಿಕ್ಕದು, ಮತ್ತು ನೋವು ಕೂತಾಗ. ‘ಇದನ್ನ ಕತ್ತರಿಸಿದ್ರೆ ವೇರಿಕೋಸೀಲ್ ಹೋಗುತ್ತೆ. ನೋವು ಇರುತ್ತೆ’ ಅಂದರು. ಬಲಗಡೆ ಮಾತ್ರ ಹೊಸದಾಗಿ ವೇರಿಕೋಸೀಲ್ ಬಂದರೆ, ಅಥವಾ ಮಲಗಿದರೂ ಇಳಿಯದಿದ್ದರೆ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ ಕಿಡ್ನಿ ಕಡೆ ನೋಡಬೇಕು ಅಂತಲೂ ಹೇಳಿದರು.

ಅವತ್ತಿನಿಂದ ನಾನು ರಿಪೋರ್ಟನ್ನೂ ನೋವನ್ನೂ ಬೇರೆಬೇರೆ ಇಟ್ಟು ನೋಡುತ್ತೇನೆ. ಸ್ಕ್ಯಾನಿಂಗಿನಲ್ಲಿ ಏನಾದರೂ ಕಂಡಿತು ಅಂದರೆ ನೋವಿಗೆ ಅದೇ ಕಾರಣ ಅಂತ ಆಗಲಿಲ್ಲ. ಒಂದು ಸಣ್ಣ ನೀರುಗುಳ್ಳೆ, ಸ್ವಲ್ಪ ನೀರು, ಸ್ವಲ್ಪ ಉಬ್ಬಿದ ನಾಳ, ಇವು ನೋವೇ ಇಲ್ಲದವರಲ್ಲೂ ಬೇಕಾದಷ್ಟು ಇರುತ್ತವೆ. ಏನೂ ಕಾಣಲಿಲ್ಲ ಅಂದರೆ ನೋವು ಸುಳ್ಳು ಅಂತಲೂ ಆಗಲಿಲ್ಲ. ಸ್ನಾಯು ಬಿಗಿದದ್ದು, ನರ ಕೆರಳಿದ್ದು ಆ ಕಪ್ಪುಬಿಳಿ ಚಿತ್ರದಲ್ಲಿ ಬರುವುದಿಲ್ಲ.

ಸಡಿಲ ಬಿಡುವುದು

ನನಗೆ ಬಿಗಿದದ್ದು ಕಟಿಯ ತಳದ ಸ್ನಾಯುಗಳು. ಮೂತ್ರ, ಮಲ ತಡೆದು ಹಿಡಿಯುವುದಕ್ಕೆ ಇರುವಂಥವು. ಗಂಟೆಗಟ್ಟಲೆ ಪ್ಲಾಸ್ಟಿಕ್ ಕುರ್ಚಿ, ತಡೆದುಕೊಂಡ ಮೂತ್ರ, ಮಲಕ್ಕೆ ಕೂತಾಗ ತಿಣುಕುವ ಅಭ್ಯಾಸ, ಲೆಕ್ಕ ತಾಳೆಯಾಗದ ಟೆನ್ಷನ್, ಎಲ್ಲ ಸೇರಿ ಅವು ಬಿಗಿದುಕೊಂಡೇ ಇರುತ್ತವೆ. ನಡುವೆ ಹಾದುಹೋಗುವ ನರಗಳು ಕೆರಳುತ್ತವೆ. ತಿಂಗಳುಗಟ್ಟಲೆ ಹೀಗಾದರೆ ನರದ ಸ್ವಭಾವವೇ ಬದಲಾಗುತ್ತದೆ. ಮಿಲ್ಲಿನಲ್ಲಿ ಹಳೆಯ ಮೋಟರಿನ ಸ್ಟಾರ್ಟರ್ ಒಮ್ಮೆ ಕೆಟ್ಟಿತು ಅಂದರೆ ಲೋಡ್ ಇಲ್ಲದಿದ್ದರೂ ಟ್ರಿಪ್ ಆಗುತ್ತಿರುತ್ತದೆ. ಮೋಟರ್ ಬಿಚ್ಚಿ ನೋಡಿದರೆ ಏನೂ ಆಗಿರುವುದಿಲ್ಲ. ಹಾಗೆ.

ಚಿಕಿತ್ಸೆ ಕೇಳಿದರೆ ನಿಮಗೆ ನಗು ಬರಬಹುದು. ಉಸಿರಾಟ. ಅಂಗಾತ ಮಲಗಿ, ಮೊಣಕಾಲು ಮಡಚಿ, ಹೊಟ್ಟೆ ಉಬ್ಬುವ ಹಾಗೆ ಉಸಿರು ತೆಗೆದುಕೊಂಡು ಕೆಳಗಿನ ಸ್ನಾಯು ಸಡಿಲ ಬಿಡುವುದು. ಫಿಸಿಯೋಥೆರಪಿಯವರು ಹೇಳಿಕೊಟ್ಟರು. ಯೂಟ್ಯೂಬಿನಲ್ಲಿ ಕೀಗಲ್ ಅಂತ ಸಿಗುತ್ತದಲ್ಲ, ಬಿಗಿಹಿಡಿಯುವ ವ್ಯಾಯಾಮ, ಅದನ್ನು ಮಾಡಬೇಡಿ ಅಂದರು. ಬಿಗಿದದ್ದನ್ನು ಇನ್ನೂ ಬಿಗಿದರೆ ನೋವು ಹೆಚ್ಚುತ್ತದೆ. ರಾತ್ರಿ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು. ಮಲ ಗಟ್ಟಿಯಾಗದ ಹಾಗೆ ನೋಡಿಕೊಳ್ಳುವುದು. ಸಡಿಲ ಲುಂಗಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಹಗಲು ಸ್ವಲ್ಪ ಬಿಗಿಯ ಚಡ್ಡಿಯೇ ಹಿತ, ಬೀಜಕ್ಕೆ ಆಸರೆ ಸಿಗುತ್ತದೆ.

ಜೊತೆಗೆ ರಾತ್ರಿ ಒಂದು ಸಣ್ಣ ಗುಳಿಗೆ, ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ ನನ್ನ ಮುಖ ನೋಡಿದ. ‘ಅಣ್ಣಾರ, ಇದು ತಲಿಗೆ ಕೊಡೋ ಗುಳಗಿ’ ಅಂದ. ಅದು ಖಿನ್ನತೆಗೆ ಕೊಡುವ ಹಳೆಯ ಗುಳಿಗೆ, ನಿಜ. ಕಡಿಮೆ ಪ್ರಮಾಣದಲ್ಲಿ ನರದ ನೋವಿಗೂ ಕೊಡುತ್ತಾರೆ. ನನಗೆ ಹುಚ್ಚು ಅಂದುಕೊಂಡರಾ ಅಂತ ಎಷ್ಟು ಜನ ಈ ಗುಳಿಗೆಯನ್ನು ಚರಂಡಿಗೆ ಎಸೆದಿದ್ದಾರೋ. ಬೆಳಗ್ಗೆ ಸ್ವಲ್ಪ ಮಂಪರು, ಬಾಯಿ ಒಣಗುವುದು, ಇವು ಇದ್ದವು. ಹೃದಯದ ತೊಂದರೆ, ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ ಇದ್ದವರಿಗೆ ಇದು ಆಗಿಬರುವುದಿಲ್ಲ, ಆದ್ದರಿಂದ ನನ್ನ ಚೀಟಿ ನೋಡಿ ನೀವು ತರಬೇಡಿ.

ಮನೆಯಲ್ಲಿ ಹೇಳಿರಲಿಲ್ಲ ಅಂತಲ್ಲ, ಹೇಳುವ ಮುಂಚೆಯೇ ಗೊತ್ತಾಗಿತ್ತು. ‘ಯಾಕ್ರಿ, ಕಾಲ ಅಗಲ ಇಟ್ಟ್ ನಡಿಯಾಕತ್ತೀರಿ? ಮಕ್ಕಳ ಮ್ಯಾಲ ಯಾಕ ಒದರತೀರಿ?’ ಅಂತ ನನ್ನಾಕೆ ಕೇಳಿಯಾಗಿತ್ತು. ಹತ್ತಿರ ಹೋದರೆ ನೋವು, ಆದ್ದರಿಂದ ದೂರ, ದೂರ ಇದ್ದದ್ದಕ್ಕೆ ಅವಳಿಗೆ ಬೇರೆ ಅರ್ಥ. ಡಾಕ್ಟರು ಕೇಳಿದ ಮೂರನೆಯ ಪ್ರಶ್ನೆಯನ್ನು ನಾನು ಮನೆಯಲ್ಲಿ ಹೇಳಿದ ಮೇಲೆ ಅರ್ಧ ಜಗಳ ಅಲ್ಲೇ ಮುಗಿಯಿತು. ಈ ನೋವಿನ ಬಗ್ಗೆ ಬರೆಯುವವರು ಹೆಂಡತಿಯನ್ನು ಬಿಟ್ಟು ಬರೆಯುವುದು ಹೇಗೆ ಸಾಧ್ಯವೋ ನನಗೆ ತಿಳಿಯದು.

ಇದರಿಂದಲೂ ಬಗ್ಗದವರಿಗೆ ಮುಂದೆ ದಾರಿ ಇದೆ. ಬೀಜಕ್ಕೆ ಹೋಗುವ ನರಗಳ ಕಟ್ಟಿನ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ಕೆಲವು ಗಂಟೆ ನೋವು ಪೂರ್ತಿ ಹೋಯಿತು ಅಂದರೆ, ನೋವು ಆ ದಾರಿಯಲ್ಲೇ ಬರುತ್ತಿದೆ ಅಂತ ಅರ್ಥ. ಅಂಥವರಿಗೆ ಮೈಕ್ರೋಸ್ಕೋಪ್ ಇಟ್ಟು ಆ ಸಣ್ಣ ನರಗಳನ್ನು ಮಾತ್ರ ಕತ್ತರಿಸುವ ಆಪರೇಷನ್ ಇದೆ. ಇಂಜೆಕ್ಷನ್ನಿಗೆ ನೋವು ಹೋಗದಿದ್ದರೆ ಆಪರೇಷನ್ನಿಂದಲೂ ಹೋಗುವ ಭರವಸೆ ಕಡಿಮೆ. ಬೀಜವನ್ನೇ ತೆಗೆಸಿಬಿಡಿ ಅನ್ನುವಷ್ಟು ಬೇಸತ್ತವರೂ ಇರುತ್ತಾರೆ. ತೆಗೆಸಿದ ಮೇಲೂ ಕೆಲವರಿಗೆ ನೋವು ಉಳಿದಿರುವುದುಂಟು, ಹಾಗಾಗಿ ಅದು ಎಲ್ಲಕ್ಕಿಂತ ಕೊನೆಯ ಮಾತು.

ನನಗೆ ಈಗ ಪೂರ್ತಿ ಹೋಗಿದೆ ಅಂತ ಹೇಳಲಾರೆ. ವಾರದಲ್ಲಿ ಎರಡು ದಿನ ಬಂದು ಹೋಗುತ್ತದೆ, ಸೊಂಟದ ತನಕ ಏರುವುದಿಲ್ಲ. ವೇಬ್ರಿಜ್ ಕಿಟಕಿಗೆ ಎತ್ತರದ ಮೇಜು ಹಾಕಿಸಿಕೊಂಡು ನಿಂತು ಬರೆಯುತ್ತೇನೆ. ಮಾಲೀಕರು ಬಡಗಿಯ ಕೂಲಿ ಕೊಟ್ಟರು, ಕಟ್ಟಿಗೆ ನನ್ನ ಖರ್ಚು. ಕಾಕಾ ಎದುರಿಗೆ ಚೀಲ ಹೊಲಿಯುತ್ತಾರೆ, ಕೂಲಿ ಮೊದಲಿನಷ್ಟಿಲ್ಲ ಅಂತ ದಿನಾ ಗೊಣಗುತ್ತಾರೆ. ಮುಂಗಾರು ಭತ್ತ ನವೆಂಬರಿನಲ್ಲಿ ಬರಲು ಶುರುವಾಗುತ್ತದೆ. ಆಗ ನೋವು ಮತ್ತೆ ಏರಿದರೆ ಆ ಇಂಜೆಕ್ಷನ್ ಕೊಟ್ಟು ನೋಡೋಣ ಅಂತ ಬಳ್ಳಾರಿ ಡಾಕ್ಟರು ಹೇಳಿದ್ದಾರೆ. ಸುಗ್ಗಿಯ ನಡುವೆ ಆಗುವುದಿಲ್ಲ ಸರ್, ಜನವರಿಗೆ ಬರುತ್ತೇನೆ ಅಂದಿದ್ದೇನೆ.